1912ರ ಹಡಗಿನ ಫೋಟೋ: ದಡದಲ್ಲಿ ನಿಂತು ಕ್ಯಾಮೆರಾ ಹಿಡಿದವರು ಸಹಾಯ ಮಾಡಬಾರದಿತ್ತಾ?

ಹಳೇಫೋಟೋ_ಹುಚ್ಚ
ನಮಸ್ಕಾರ ಎಲ್ಲರಿಗೂ. ಹಳೆ ಕಪ್ಪುಬಿಳುಪು ಫೋಟೋ ಹೆಕ್ಕೋದು ನನ್ನ ಚಟ, ಇಲ್ಲಿ ಹಲವರಿಗೆ ಗೊತ್ತೇ ಇದೆ. ಈ ಸಲ ಸಿಕ್ಕಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯದ್ದು. ‘ಸಿಟಿ ಆಫ್ ಕಾರ್ಡಿಫ್’ ಅನ್ನೋ ಸರಕು ಹಡಗು, ಉಗಿ ಇಂಜಿನ್ನಿನದು. ಫ್ರಾನ್ಸಿನ ಲ ಹಾವ್ರ್ ಬಂದರಿನಿಂದ ವೇಲ್ಸ್ ಕಡೆ ಹೊರಟಿತ್ತು. 1912ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕಿ, ಲ್ಯಾಂಡ್ಸ್ ಎಂಡ್ ಹತ್ತಿರದ ನಾಂಜಿಜಲ್ ಕೊಲ್ಲಿಯಲ್ಲಿ ಬಂಡೆಗಳಿಗೆ ಬಡಿದು ಕೂತಿತು. ಮಿಲ್ ಬೇ ಅಂತಲೂ ಆ ಜಾಗಕ್ಕೆ ಹೆಸರಿದೆ. ಫೋಟೋ ತೆಗೆದವರು ಗಿಬ್ಸನ್ ಅನ್ನೋ ಮನೆತನದವರು.

ಎರಡು ವಿಷಯ ತಲೆ ತಿಂತಿದೆ. ಹಡಗು ದಡಕ್ಕೆ ಎಷ್ಟು ಹತ್ತಿರ ಇದೆ ಅಂದ್ರೆ ಕೂಗಿ ಮಾತಾಡಬಹುದು ಅನ್ನಿಸುತ್ತೆ. ಅಷ್ಟು ಹತ್ತಿರ ಬರೋ ತನಕ ಕ್ಯಾಪ್ಟನ್ ಏನು ಮಾಡ್ತಿದ್ದ? ಇನ್ನೊಂದು, ಫೋಟೋ ಸಖತ್ತಾಗಿ ಬಂದಿದೆ, ಅದೇ ನನಗೆ ಇರುಸುಮುರುಸು. ಒಳಗೆ ಜನ ಇದ್ದಾಗ ಸ್ಟ್ಯಾಂಡ್ ಊರಿ, ಕರಿ ಬಟ್ಟೆ ಹೊದ್ದು, ಫ್ರೇಮ್ ಸರಿ ಮಾಡ್ಕೊಂಡು ಫೋಟೋ ತೆಗೆಯೋದು ಸರೀನಾ? ಇವತ್ತು ರಸ್ತೆಯಲ್ಲಿ ಅಪಘಾತ ಆದಾಗ ಮೊಬೈಲ್ ಎತ್ತುವವರಿಗೂ ಇವರಿಗೂ ಏನು ವ್ಯತ್ಯಾಸ?

ರಾಜಾಜಿನಗರ_ಬಸ್ಯಾ
ಏನೂ ವ್ಯತ್ಯಾಸ ಇಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆಗ ರೀಲ್ಸ್ ಇರಲಿಲ್ಲ, ಪೋಸ್ಟ್‌ಕಾರ್ಡ್ ಇತ್ತು, ಅಷ್ಟೇ.

ಗದಗ_ಗಾಳಿ
ಎಲ್ಲರೂ ಸತ್ತರಾ? ಅದನ್ನ ಮೊದಲು ಹೇಳ್ರೀ.

ಹಳೇಫೋಟೋ_ಹುಚ್ಚ
ಇಲ್ಲ ಇಲ್ಲ. ಸಿಬ್ಬಂದಿ ಎಲ್ಲರೂ ಬದುಕಿದರು. ಹಡಗು ಮಾತ್ರ ಪೂರ್ತಿ ಹೋಯ್ತು.

ಇಂಜಿನ್‌ರೂಮ್_ಅಣ್ಣ
ಕ್ಯಾಪ್ಟನ್ ಏನು ಮಾಡ್ತಿದ್ದ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ಸರಕು ಹಡಗಿನ ಇಂಜಿನ್ ರೂಮಿನಲ್ಲೇ ಕೆಲಸ ಮಾಡಿ ತಲೆ ಬಿಳಿ ಮಾಡ್ಕೊಂಡವನು ನಾನು. ಫೋಟೋ ನೋಡಿದ ಕೂಡಲೇ ಕಣ್ಣಿಗೆ ಬಿದ್ದದ್ದು ಹಡಗಿನ ಮೈ ಎಷ್ಟು ಎತ್ತರಕ್ಕಿದೆ ಅನ್ನೋದು. ಅದು ಖಾಲಿ ಹಡಗು. ಆ ಕಾಲದ ಲೆಕ್ಕ ತುಂಬಾ ಸುಲಭ: ವೇಲ್ಸ್‌ನಿಂದ ಕಲ್ಲಿದ್ದಲು ತುಂಬ್ಕೊಂಡು ಫ್ರಾನ್ಸ್‌ಗೆ ಹೋಗೋದು, ಅಲ್ಲಿ ಇಳಿಸಿ ಖಾಲಿ ವಾಪಸ್ ಬರೋದು, ಮತ್ತೆ ತುಂಬೋದು. ಕಾರ್ಡಿಫ್ ಆಗ ಕಲ್ಲಿದ್ದಲು ರಫ್ತಿಗೆ ಪ್ರಪಂಚಕ್ಕೇ ಹೆಸರಾದ ಬಂದರು.

ಖಾಲಿ ಹಡಗಿಗೆ ಸಮತೋಲ ಇರಲಿ ಅಂತ ತಳದ ಟ್ಯಾಂಕುಗಳಿಗೆ ನೀರು ತುಂಬ್ತಾರೆ, ಅದಕ್ಕೆ ಬ್ಯಾಲಾಸ್ಟ್ ಅಂತೀವಿ. ಆ ಕಾಲದ ಹಡಗುಗಳಲ್ಲಿ ಅದು ಸಾಕಾಗ್ತಿರಲಿಲ್ಲ. ಹಡಗು ನೀರಿನ ಮೇಲೆ ಎತ್ತರಕ್ಕೆ ತೇಲುತ್ತೆ, ಮೈಯೆಲ್ಲ ಗಾಳಿಗೆ ಒಡ್ಡಿಕೊಂಡಿರುತ್ತೆ. ಪ್ರೊಪೆಲರ್ ಅರ್ಧ ನೀರಿನಿಂದ ಹೊರಗೆ. ಅಲೆ ಹಿಂಭಾಗವನ್ನು ಎತ್ತಿದ ಕೂಡಲೇ ಪ್ರೊಪೆಲರ್ ಗಾಳಿಯಲ್ಲಿ ಹುಚ್ಚೆದ್ದು ತಿರುಗುತ್ತೆ, ಇಡೀ ಇಂಜಿನ್ ಗಡಗಡ ನಡುಗುತ್ತೆ. ಕೆಳಗೆ ಬಿದ್ದಾಗ ದಬ್ ಅಂತ ನೀರು ಹಿಡಿಯುತ್ತೆ. ಆಗ ಉಗಿಯ ವಾಲ್ವ್ ಹತ್ತಿರವೇ ಒಬ್ಬ ನಿಂತಿರಬೇಕು. ಹಿಂಭಾಗ ಎದ್ದಾಗ ಮುಚ್ಚು, ಕೂತಾಗ ತೆಗಿ. ಗಂಟೆಗಟ್ಟಲೆ ಇದೇ ಕೆಲಸ. ಅಷ್ಟು ಮಾಡಿದರೂ ಮುಂದಕ್ಕೆ ತಳ್ಳೋ ಶಕ್ತಿ ಅರ್ಧಕ್ಕರ್ಧ ಪೋಲು. ಗಾಳಿ ಸಮುದ್ರದಿಂದ ದಡದ ಕಡೆಗೆ ಬೀಸ್ತಿದ್ದರೆ ಇಂಜಿನ್ ಮುಂದಕ್ಕೆ ಎಷ್ಟು ಎಳೆಯುತ್ತೋ ಅದಕ್ಕಿಂತ ಜಾಸ್ತಿ ಗಾಳಿ ಪಕ್ಕಕ್ಕೆ ತಳ್ಳುತ್ತೆ. ಲಂಗರು ಹಾಕಿದರೆ ಬಂಡೆ ತಳದಲ್ಲಿ ಅದು ಕಚ್ಚಲ್ಲ. ಕ್ಯಾಪ್ಟನ್‌ಗೆ ದಡ ಕಾಣ್ತಾ ಇತ್ತು ಸ್ವಾಮಿ, ಹಡಗು ಮಾತು ಕೇಳ್ತಿರಲಿಲ್ಲ.

ಗದಗ_ಗಾಳಿ
ಇಷ್ಟು ಚಂದ ಯಾರೂ ಹೇಳಿರಲಿಲ್ಲ ಅಣ್ಣಾರೆ. ನಮ್ಮ ಕಡೆ ಸಮುದ್ರ ಅಂದ್ರೆ ಕ್ಯಾಲೆಂಡರಿನ ಚಿತ್ರ.

ಮಲ್ಪೆ_ಮಂಜಿ
ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮ ದೋಣಿಗಳದ್ದೂ ಅದೇ ಕತೆ ಮಾರಾಯ್ರೆ. ಅಳಿವೆ ಬಾಯಲ್ಲಿ ಇಂಜಿನ್ ಕೈಕೊಟ್ಟರೆ ಮುಗೀತು, ಮರಳು ದಿಣ್ಣೆಗೆ ಹೋಗಿ ಕೂರ್ತದೆ. ಆದರೆ ಮರಳಿಗೆ ಕೂರುವುದು ಬೇರೆ, ಬಂಡೆಗೆ ಬಡಿಯುವುದು ಬೇರೆ. ಮರಳಲ್ಲಿ ಒಂದು ಅವಕಾಶ ಇರ್ತದೆ. ಬಂಡೆ ತಳವನ್ನೇ ಸೀಳಿ ಹಾಕ್ತದೆ.

ರಾಜಾಜಿನಗರ_ಬಸ್ಯಾ
ಹಡಗಿನ ಪಾಠ ಆಯ್ತು, ಫೋಟೋ ವಿಷಯಕ್ಕೆ ಬನ್ನಿ. ಜನ ಸಾಯೋ ಹಾಗಿದ್ದಾಗ ಫೋಟೋ ತೆಗೆದದ್ದು ತಪ್ಪು. ಇದಕ್ಕೆ ಇಂಜಿನಿಯರಿಂಗ್ ಬೇಕಿಲ್ಲ.

ಪ್ಲಿಮತ್_ಕನ್ನಡತಿ
ನಾನು ಇಲ್ಲೇ ಪಕ್ಕದ ಡೆವನ್‌ನಲ್ಲಿದ್ದೀನಿ, ನಾಂಜಿಜಲ್‌ಗೆ ಹೋಗಿಬಂದಿದ್ದೀನಿ. ಬಸವಣ್ಣೋರೆ, ಮೊದಲು ಆ ಜಾಗ ಹೇಗಿದೆ ಅಂತ ತಿಳ್ಕೊಳ್ಳಿ. ಕೊಲ್ಲಿಯ ತನಕ ರಸ್ತೆಯೇ ಇಲ್ಲ. ಗುಡ್ಡದ ಅಂಚಿನ ಕಾಲುದಾರಿಯಲ್ಲಿ ನಡೆದೇ ಹೋಗಬೇಕು. ಕೆಳಗೆ ಇಳಿದರೆ ಕುಂಬಳಕಾಯಿ ಗಾತ್ರದಿಂದ ಹಿಡಿದು ಒರಳುಕಲ್ಲಿನ ಗಾತ್ರದ ತನಕ ನುಣುಪಾದ ಗುಂಡುಕಲ್ಲುಗಳು, ಒದ್ದೆಯಾದಾಗ ಕಾಲಿಟ್ಟರೆ ಜಾರುತ್ತೆ. ಕೆಲವು ಸಲ ಅದರ ಮೇಲೆ ಮರಳು ಬಂದು ಕೂತಿರುತ್ತೆ, ಇನ್ನೊಂದು ಸಲ ಹೋದರೆ ಮರಳೆಲ್ಲ ಮಾಯ. ಪಕ್ಕದಲ್ಲಿ ಬಂಡೆಯ ಮಧ್ಯೆ ಒಂದು ಎತ್ತರದ ಕಿರಿದಾದ ಸೀಳು ಇದೆ, ಜಾನ್ ಪಿಗ್ ಅಂತಾರೆ, ಈಗ ಜನ ಅದರ ಫೋಟೋಗೇ ಬರೋದು.

ಅಂಥ ಜಾಗಕ್ಕೆ ಬಿರುಗಾಳಿಯಲ್ಲಿ ಲೈಫ್‌ಬೋಟ್ ತರೋದು ಕಷ್ಟ. ಹಾಗಾಗಿ ಜನರನ್ನ ಉಳಿಸಿದ್ದು ದಡದ ಮೇಲಿಂದ ಹಾರಿಸಿದ ರಾಕೆಟ್ ಹಗ್ಗದಿಂದ. ಅದಕ್ಕೆ ತರಬೇತಿ ಪಡೆದ ತಂಡ ಇರ್ತಿತ್ತು. ಕ್ಯಾಮೆರಾದವನು ಹಗ್ಗಕ್ಕೆ ಕೈ ಹಾಕಿದ್ದರೆ ಅಡ್ಡಿಯೇ ಆಗ್ತಿತ್ತು.

ಕಾಲೇಜ್_ಪೋರ
ರಾಕೆಟ್ಟಾ?? 1912ರಲ್ಲಿ?

ಪ್ಲಿಮತ್_ಕನ್ನಡತಿ
ಹೂಂ, ರಾಕೆಟ್ಟೇ. ಅದಕ್ಕಿಂತ ನೂರು ವರ್ಷ ಹಿಂದಿನ ಕತೆ. 1807ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲ್‌ನ ಲೋ ಬಾರ್ ಅನ್ನೋ ದಡಕ್ಕೆ ‘ಆನ್ಸನ್’ ಅನ್ನೋ ಯುದ್ಧನೌಕೆ ಬಡಿಯಿತು. ದಡ ಅಲ್ಲೇ ಇದ್ದರೂ ನೂರಕ್ಕೂ ಹೆಚ್ಚು ಜನ ದಡದಲ್ಲಿದ್ದವರ ಕಣ್ಣೆದುರೇ ಮುಳುಗಿದರು. ಅದನ್ನು ನೋಡಿದ ಹೆಲ್ಸ್ಟನ್ ಊರಿನ ಹೆನ್ರಿ ಟ್ರೆಂಗ್ರೌಸ್ ತಲೆ ಕೆಡಿಸ್ಕೊಂಡು ರಾಕೆಟ್ಟಿಗೆ ದಾರ ಕಟ್ಟಿ ಹಾರಿಸೋ ಸಾಧನ ಮಾಡಿದ. ಅದಕ್ಕಾಗಿ ಸ್ವಂತ ಆಸ್ತಿಯನ್ನೇ ಕಳ್ಕೊಂಡ.

ಕೆಲಸ ಮಾಡೋದು ಹೀಗೆ: ರಾಕೆಟ್ ತೆಳ್ಳನೆ ಹಗ್ಗವನ್ನು ಹಡಗಿನ ಮೇಲಿಂದ ಆಚೆಗೆ ಒಯ್ಯುತ್ತೆ. ಹಡಗಿನವರು ಅದನ್ನ ಹಿಡ್ಕೊಂಡು ಎಳೆದರೆ ಹಿಂದೆ ಒಂದು ರಾಟೆ ಬರುತ್ತೆ, ಅದನ್ನ ಕಂಬಕ್ಕೆ ಕಟ್ಟಬೇಕು. ಆಮೇಲೆ ದಪ್ಪ ಹಗ್ಗ. ಅದರ ಮೇಲೆ ಒಂದು ತೇಲುಬಳೆ ಓಡಾಡುತ್ತೆ, ಬಳೆಗೆ ಕ್ಯಾನ್ವಾಸಿನ ಅರ್ಧ ಚಡ್ಡಿ ಹೊಲಿದಿರ್ತಾರೆ. ಕಾಲು ತೂರಿಸಿ ಕೂತರೆ ದಡದವರು ಎಳ್ಕೋತಾರೆ. ಒಬ್ಬೊಬ್ಬರಾಗಿ.

ಗದಗ_ಗಾಳಿ
ಚಡ್ಡಿಯೊಳಗ ಕೂತು ಸಮುದ್ರದ ಮ್ಯಾಲೆ ಜೋತಾಡಿಕೊಂಡು ಬರೂದು! ಕ್ಯಾಪ್ಟನ್ ಸಾಹೇಬರೂ ಹಂಗೇ ಬಂದಿರಬೇಕು.

ಇಂಜಿನ್‌ರೂಮ್_ಅಣ್ಣ
ನಗಬೇಡಿ. ಹಡಗು ಹೊಯ್ದಾಡಿದರೆ ಹಗ್ಗ ಒಮ್ಮೆ ಸಡಿಲ ಆಗುತ್ತೆ, ಒಮ್ಮೆ ಬಿಗಿಯಾಗುತ್ತೆ. ಸಡಿಲ ಆದಾಗ ಮನುಷ್ಯ ಅಲೆಯೊಳಗೆ ಮುಳುಗ್ತಾನೆ, ಬಿಗಿಯಾದಾಗ ಮೇಲಕ್ಕೆ ಚಿಮ್ಮುತ್ತಾನೆ. ದಡದವರು ಹಗ್ಗವನ್ನ ಅದಕ್ಕೆ ತಕ್ಕಂತೆ ಬಿಡ್ತಾ ಎಳೀತಾ ಇರಬೇಕು.

ಹಳೇಫೋಟೋ_ಹುಚ್ಚ
ಗಿಬ್ಸನ್ ಮನೆತನದ ಬಗ್ಗೆ ಸ್ವಲ್ಪ ಹೇಳ್ತೀನಿ, ಬಸ್ಯಾ ಅವರಿಗೆ ಉಪಯೋಗ ಆಗಬಹುದು. ಮೊದಲಿಗ ಜಾನ್ ಗಿಬ್ಸನ್. ಕಾರ್ನ್‌ವಾಲ್ ತುದಿಯಾಚೆ ಸಮುದ್ರದಲ್ಲಿರೋ ಸಿಲ್ಲಿ ದ್ವೀಪಗಳವನು, ಕಡಲಲ್ಲಿ ದುಡಿದವನು. 1860ರ ಸುಮಾರಿಗೆ ಕ್ಯಾಮೆರಾ ಸಂಪಾದಿಸಿ ಸ್ಟುಡಿಯೋ ಇಟ್ಟ. ಮಕ್ಕಳು ಅಲೆಕ್ಸಾಂಡರ್, ಹರ್ಬರ್ಟ್ ಜೊತೆ ಸೇರಿದರು. ಹಡಗು ದುರಂತದ ಮೊದಲ ಫೋಟೋ 1869ರದ್ದು. ಆಮೇಲೆ ಮೊಮ್ಮಗ, ಮರಿಮಗ, ಒಟ್ಟು ನಾಲ್ಕು ತಲೆಮಾರು ಇದನ್ನೇ ಮಾಡಿದೆ. ಶುರುವಿನ ವರ್ಷಗಳಲ್ಲಿ ಗಾಜಿನ ಪ್ಲೇಟು, ರಾಸಾಯನಿಕ, ಕತ್ತಲಕೋಣೆ ಎಲ್ಲವನ್ನೂ ಕೈಗಾಡಿಯಲ್ಲಿ ತಳ್ಕೊಂಡು ದಡಕ್ಕೆ ಹೋಗ್ತಿದ್ದರು.

ಮುಖ್ಯ ವಿಷಯ, ಇವರು ಬರೀ ಫೋಟೋದವರಲ್ಲ, ಪತ್ರಿಕೆಗಳಿಗೆ ಸುದ್ದಿ ಕಳಿಸೋರು ಕೂಡ. 1875ರ ಮೇ ತಿಂಗಳಲ್ಲಿ ‘ಶಿಲ್ಲರ್’ ಅನ್ನೋ ಜರ್ಮನ್ ಹಡಗು ಸಿಲ್ಲಿ ಹತ್ತಿರ ಮಂಜಿನಲ್ಲಿ ಬಂಡೆಗೆ ಬಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ, ಸುದ್ದಿ ಟೆಲಿಗ್ರಾಫ್ ಮೂಲಕ ಹೊರಗೆ ಹೋಗೋಕೆ ದುಡಿದದ್ದು ಇದೇ ಅಪ್ಪ ಮಕ್ಕಳು. ಸತ್ತವರ ಮನೆಯವರಿಗೆ ಏನಾಯ್ತು ಅಂತ ಗೊತ್ತಾಗೋಕೆ ಬೇರೆ ದಾರಿ ಏನಿತ್ತು?

ರಾಜಾಜಿನಗರ_ಬಸ್ಯಾ
ಸುದ್ದಿ ಕಳಿಸಿದರು, ಸರಿ. ಫೋಟೋ ಮಾರಿ ದುಡ್ಡೂ ಮಾಡಿದರು ಅಲ್ವಾ? ಉರಿಯೋ ಮನೆಯಲ್ಲಿ ಗಳ ಹಿರಿಯೋದು ಅಂತಾರೆ ಇದಕ್ಕೆ.

ಸ್ಟುಡಿಯೋ_ಶೆಟ್ರು
ದುಡ್ಡು ತಗೊಂಡರೆ ತಪ್ಪಾ ಸಾರ್? ನಾನೂ ಸ್ಟುಡಿಯೋ ಇಟ್ಟವನೇ. ಮದುವೆ ಫೋಟೋಗೂ ದುಡ್ಡು ತಗೋತೀನಿ, ಸತ್ತವರ ಫೋಟೋಗೆ ಫ್ರೇಮ್ ಹಾಕಿಕೊಡೋದಕ್ಕೂ ತಗೋತೀನಿ. ಮನೆ ನಡೀಬೇಕಲ್ಲ.

ಇನ್ನೊಂದು ಮಾತು. ಗಾಜಿನ ಪ್ಲೇಟ್ ಕಾಲದಲ್ಲಿ ಜೇಬಿಂದ ತೆಗೆದು ಕ್ಲಿಕ್ ಮಾಡೋಕೆ ಆಗ್ತಿರಲಿಲ್ಲ. ಸುದ್ದಿ ಬರಬೇಕು, ಸಾಮಾನು ಕಟ್ಟಬೇಕು, ಗುಡ್ಡ ದಾಟಿ ನಡೀಬೇಕು, ಬಿರುಗಾಳಿಯಲ್ಲಿ ಸ್ಟ್ಯಾಂಡ್ ಅಲ್ಲಾಡದ ಜಾಗ ಹುಡುಕಬೇಕು. ಲೆನ್ಸ್ ಮೇಲೆ ಉಪ್ಪುನೀರಿನ ತುಂತುರು ಬೇರೆ. ಒರೆಸಿದರೆ ಉಪ್ಪಿನ ಗೀರು ಉಳಿಯುತ್ತೆ, ಸಮುದ್ರದ ಹತ್ತಿರ ಫೋಟೋ ತೆಗೆದವರಿಗೆಲ್ಲ ಆ ಸಂಕಟ ಗೊತ್ತು. ಇಷ್ಟೆಲ್ಲ ಮುಗಿಯೋ ಹೊತ್ತಿಗೆ ಹಡಗಿನಲ್ಲಿ ಜನ ಉಳಿದಿರೋದು ಎಷ್ಟು ಸಲ? ಹಳೆ ದುರಂತದ ಫೋಟೋಗಳು ಅಷ್ಟು ಶಾಂತವಾಗಿ ಕಾಣೋದು ಅದಕ್ಕೇ ಅಂತ ನನ್ನ ಲೆಕ್ಕ. ಗದ್ದಲ ಮುಗಿದ ಮೇಲೆ ತೆಗೆದದ್ದು.

ರಾಜಾಜಿನಗರ_ಬಸ್ಯಾ
ಲೆಕ್ಕ ಅಂತ ನೀವೇ ಹೇಳಿದ್ರಿ. ಪುರಾವೆ ಅಲ್ಲ.

ಸ್ಟುಡಿಯೋ_ಶೆಟ್ರು
ನಿಮ್ಮ ಹತ್ತಿರ ಜನ ಕೂಗ್ತಿರುವಾಗ ತೆಗೆದರು ಅನ್ನೋ ಪುರಾವೆ ಇದೆಯಾ? ಇದ್ದರೆ ಹಾಕಿ.

ಮೈಸೂರು_ಮೇಷ್ಟ್ರು
ಕಾರ್ನ್‌ವಾಲ್ ಜನ ರಾತ್ರಿ ಗುಡ್ಡದ ಮೇಲೆ ಸುಳ್ಳು ದೀಪ ಹಚ್ಚಿ ಹಡಗುಗಳನ್ನು ಬಂಡೆಗೆ ಎಳೆದು ದೋಚುತ್ತಿದ್ದರಂತೆ. ಫೋಟೋದವರಿಗೂ ಅದರಲ್ಲಿ ಪಾಲಿತ್ತೋ ಏನೋ!

ಪ್ಲಿಮತ್_ಕನ್ನಡತಿ
ಮೇಷ್ಟ್ರೇ, ಅದು ಪ್ರವಾಸಿಗಳಿಗೆ ಹೇಳೋ ಕತೆ. ಸುಳ್ಳು ದೀಪ ತೋರಿಸಿ ಹಡಗು ಕೆಡವಿದ್ದಕ್ಕೆ ಗಟ್ಟಿ ಪುರಾವೆ ಯಾರೂ ಕೊಟ್ಟಿಲ್ಲ. ಯೋಚನೆ ಮಾಡಿ, ರಾತ್ರಿ ದೀಪ ಕಂಡರೆ ನಾವಿಕ ಅಲ್ಲಿ ನೆಲ ಇದೆ ಅಂತ ದೂರ ಹೋಗ್ತಾನೆ, ಹತ್ತಿರ ಬರಲ್ಲ. ದಡಕ್ಕೆ ಬಂದ ಸಾಮಾನು ಹೊತ್ಕೊಂಡು ಹೋಗ್ತಿದ್ದರು, ಅದು ಮಾತ್ರ ನಿಜ.

ಕಾಲೇಜ್_ಪೋರ
ಸಾಮಾನು ಹೊತ್ಕೊಂಡು ಹೋಗೋದು ಅಂದಾಗ ನೆನಪಾಯ್ತು, ಸ್ಕಾಟ್ಲೆಂಡ್‌ನಲ್ಲಿ ವಿಸ್ಕಿ ಹಡಗು ಒಂದು ಬಡಿದಿತ್ತಲ್ಲ?

ಇಂಜಿನ್‌ರೂಮ್_ಅಣ್ಣ
‘ಪಾಲಿಟಿಷಿಯನ್’. 1941ರ ಫೆಬ್ರವರಿ, ಎರಿಸ್ಕೆ ದ್ವೀಪದ ಹತ್ತಿರ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ವಿಸ್ಕಿ. ಯುದ್ಧಕಾಲ, ಎಲ್ಲದಕ್ಕೂ ರೇಷನ್. ದ್ವೀಪದವರು ರಾತ್ರಿ ದೋಣಿ ತಗೊಂಡು ಹೋಗಿ ಇಳಿಸ್ಕೊಂಡರು. ಕಸ್ಟಮ್ಸ್‌ನವರು ಬಂದಾಗ ಬಾಟಲಿಗಳು ಎಲ್ಲೆಲ್ಲೋ ಹೂತಿದ್ದವು. ಕೆಲವರಿಗೆ ಜೈಲೂ ಆಯ್ತು.

ಗದಗ_ಗಾಳಿ
ಹಡಗಿನ ಹೆಸರೇ ಪಾಲಿಟಿಷಿಯನ್, ಒಳಗೆ ಹೆಂಡ. ನಮ್ಮ ಕಡೆ ಎಲೆಕ್ಷನ್ ಬಂದಂಗಾತು.

ಮಲ್ಪೆ_ಮಂಜಿ
😂😂

ನಮ್ಮ ಕಡೆಯದ್ದೂ ಒಂದು ಹೇಳ್ತೇನೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪಾಡಿ ಹತ್ತಿರ ‘ಪ್ರಿನ್ಸೆಸ್ ಮಿರಾಲ್’ ನಿಂತದ್ದು ನೆನಪಿರಬೇಕಲ್ಲ? ಚೀನಾದಿಂದ ಲೆಬನಾನ್‌ಗೆ ಹೋಗ್ತಿದ್ದ ಹಡಗು, ಒಳಗೆ ಸುಮಾರು 8000 ಟನ್ ಉಕ್ಕಿನ ಕಾಯಿಲ್, ಅಂದರೆ ಸುತ್ತಿಟ್ಟ ಉಕ್ಕಿನ ಸುರುಳಿ. ತಳದಲ್ಲಿ ತೂತು ಬಿದ್ದು ನೀರು ನುಗ್ಗಿತು. ಸಿರಿಯಾದ 15 ಜನ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್‌ನವರು ಇಳಿಸಿದರು. ಮಳೆಗಾಲದ ಕಡಲು, ಹಡಗು ಓರೆಯಾಗಿ ನಿಂತಿದೆ, ದಡದಲ್ಲಿ ಕೊಡೆ ಹಿಡಿದುಕೊಂಡು ಜಾತ್ರೆಯಷ್ಟು ಜನ. ಎಲ್ಲರ ಕೈಯಲ್ಲೂ ಮೊಬೈಲ್. ನಾನೂ ತೆಗೆದಿದ್ದೇನೆ. ಆ ಅಲೆಗೆ ನಾನು ಈಜಿ ಹೋಗಿ ಯಾರನ್ನು ಕಾಪಾಡ್ಲಿಕ್ಕೆ ಆಗ್ತಿತ್ತು? ಬಸ್ಯಣ್ಣ ಹೇಳಲಿ.

ನಮಗೆ ಆಗ ಇದ್ದ ಹೆದರಿಕೆ ಎಣ್ಣೆಯದ್ದು. ಟ್ಯಾಂಕಿನಲ್ಲಿದ್ದ ಎಣ್ಣೆ ಸೋರಿದರೆ ಮೀನು, ಬಲೆ, ದಡ ಎಲ್ಲ ಹಾಳು. 1912ರ ಹಡಗು ಕಲ್ಲಿದ್ದಲಿನಲ್ಲಿ ಓಡಿದ್ದು, ಅಲ್ಲಿಯ ಮೀನುಗಾರರಿಗೆ ಆ ಚಿಂತೆ ಇರಲಿಲ್ಲ.

ರಾಜಾಜಿನಗರ_ಬಸ್ಯಾ
ನೀವು ಪೋಸ್ಟ್‌ಕಾರ್ಡ್ ಮಾಡಿ ಮಾರಿದ್ರಾ? ಇಲ್ಲ ತಾನೆ. ನನ್ನ ತಕರಾರು ಅಷ್ಟೇ.

ಮೈಸೂರು_ಮೇಷ್ಟ್ರು
ಒಂದು ಸಂಶಯ. ಉಬ್ಬರ ಬಂದಾಗ ಹಡಗು ತಾನಾಗೇ ತೇಲಲ್ವಾ?

ಮಲ್ಪೆ_ಮಂಜಿ
ಜಾಗದ ಮೇಲೆ ಹೋಗ್ತದೆ ಮೇಷ್ಟ್ರೇ. ನಮ್ಮ ಕಡೆ ಉಬ್ಬರ ಇಳಿತದ ವ್ಯತ್ಯಾಸ ಹೆಚ್ಚೆಂದರೆ ಆಳೆತ್ತರ. ಹುಣ್ಣಿಮೆ ಅಮಾವಾಸ್ಯೆಗೆ ಸ್ವಲ್ಪ ಜಾಸ್ತಿ. ಕೂತ ದೋಣಿಯನ್ನು ಎಬ್ಬಿಸಲಿಕ್ಕೆ ನಾವೂ ಆ ದಿನವನ್ನೇ ಕಾಯ್ತೇವೆ.

ಪ್ಲಿಮತ್_ಕನ್ನಡತಿ
ಇಲ್ಲಿ ಹುಣ್ಣಿಮೆ ಹೊತ್ತಿಗೆ ಐದು ಮೀಟರ್ ತನಕ ಏರುತ್ತೆ. ಅದರಿಂದ ಉಳಿದ ಹಡಗೂ ಇದೆ, ‘ಮಿನ್ನೆಹಾಹಾ’. 1910ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರ್ತಾ ಮಂಜಿನಲ್ಲಿ ದಾರಿ ತಪ್ಪಿ ಸಿಲ್ಲಿಯ ಬ್ರೈಹರ್ ದ್ವೀಪದ ಹತ್ತಿರ ಬಂಡೆ ಹತ್ತಿತು. ಜನರ ಜೊತೆ ನೂರಾರು ದನಗಳಿದ್ದವು. ದನಗಳನ್ನು ಸಮುದ್ರಕ್ಕೆ ಇಳಿಸಿ, ದೋಣಿಗಳ ಪಕ್ಕದಲ್ಲಿ ಈಜಿಸ್ಕೊಂಡು ಪಕ್ಕದ ದ್ವೀಪಕ್ಕೆ ಸೇರಿಸಿದರು. ಸರಕೆಲ್ಲ ಎಸೆದು ಹಗುರ ಮಾಡಿ, ಕೆಲವು ವಾರಗಳ ಮೇಲೆ ಎಳೆದು ತೇಲಿಸಿದರು. 1917ರಲ್ಲಿ ಜರ್ಮನ್ ಸಬ್‌ಮರೀನ್ ಅದನ್ನ ಮುಳುಗಿಸಿತು, ಅದು ಬೇರೆ ಮಾತು.

ಗದಗ_ಗಾಳಿ
ಎತ್ತು ಈಜೂದು ನೋಡೀನಿ. ಸಮುದ್ರದಾಗ ನೂರಾರು? ಫೋಟೋ ಇದ್ರ ಹಾಕ್ರೀ.

ಇಂಜಿನ್‌ರೂಮ್_ಅಣ್ಣ
ಅದಕ್ಕಿಂತ ದೊಡ್ಡ ಸಾಹಸ ‘ಸುವೆವಿಕ್’ನದ್ದು. ವೈಟ್ ಸ್ಟಾರ್ ಕಂಪನಿಯದು, ಟೈಟಾನಿಕ್ ಓಡಿಸಿದವರೇ. ಆಸ್ಟ್ರೇಲಿಯಾದಿಂದ ಹೆಪ್ಪುಗಟ್ಟಿಸಿದ ಕುರಿ ಮಾಂಸವನ್ನೂ ಜನರನ್ನೂ ಹೊತ್ತು ಬರ್ತಿತ್ತು. 1907ರ ಮಾರ್ಚ್ 17ರ ರಾತ್ರಿ ಕಾರ್ನ್‌ವಾಲ್‌ನ ಲಿಜರ್ಡ್ ಭೂಶಿರದ ಹತ್ತಿರ ಬಂಡೆಗೆ ಬಡಿಯಿತು. ಹುಟ್ಟು ಹಾಕೋ ಲೈಫ್‌ಬೋಟ್‌ಗಳಲ್ಲಿ ಊರಿನವರೇ ಹೋಗಿ ಒಟ್ಟು 456 ಜನರನ್ನು ದಡಕ್ಕೆ ತಂದರು, ಒಬ್ಬರೂ ಸಾಯಲಿಲ್ಲ. ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆಯ ಇತಿಹಾಸದಲ್ಲಿ ಒಂದೇ ಘಟನೆಯಲ್ಲಿ ಅತಿ ಹೆಚ್ಚು ಜನರನ್ನು ಉಳಿಸಿದ್ದು ಅದೇ.

ಆಮೇಲಿನದ್ದು ಕೇಳಿ. ಮುಂಭಾಗ ಬಂಡೆಯಲ್ಲಿ ಸಿಕ್ಕಿಹಾಕ್ಕೊಂಡಿದೆ, ಹಿಂಭಾಗ ಚೆನ್ನಾಗಿದೆ. ಇಂಜಿನ್, ಬಾಯ್ಲರ್ ಎಲ್ಲ ಹಿಂದೆಯೇ. ಡೈನಮೈಟ್ ಇಟ್ಟು ಹಡಗನ್ನು ಎರಡು ತುಂಡು ಮಾಡಿದರು! ಹಿಂದಿನ ತುಂಡನ್ನು ಸೌತಾಂಪ್ಟನ್‌ಗೆ ಒಯ್ದರು. ಬೆಲ್‌ಫಾಸ್ಟ್‌ನಲ್ಲಿ ಹೊಸ ಮೂತಿ ಕಟ್ಟಿ, ಅದನ್ನೂ ಸಮುದ್ರದ ಮೇಲೆ ಎಳ್ಕೊಂಡು ಬಂದು ಜೋಡಿಸಿದರು. 1908ರಲ್ಲಿ ಹಡಗು ಮತ್ತೆ ಕೆಲಸಕ್ಕೆ ಹೊರಟಿತು.

ಕಾಲೇಜ್_ಪೋರ
ಅಂದ್ರೆ ಕೆಲವು ತಿಂಗಳು ಪ್ರಪಂಚದ ಅತಿ ಉದ್ದದ ಹಡಗು ಅದು. ಮೂತಿ ಬೆಲ್‌ಫಾಸ್ಟ್‌ನಲ್ಲಿ, ಬಾಲ ಸೌತಾಂಪ್ಟನ್‌ನಲ್ಲಿ.

ಇಂಜಿನ್‌ರೂಮ್_ಅಣ್ಣ
ಆಗಿನ ಜನರೂ ಇದೇ ಜೋಕ್ ಮಾಡ್ತಿದ್ದರು ಮರಿ.

ಮೈಸೂರು_ಮೇಷ್ಟ್ರು
ಸಿಟಿ ಆಫ್ ಕಾರ್ಡಿಫ್‌ಗೆ ಯಾಕೆ ಹಾಗೆ ಮಾಡಲಿಲ್ಲ? ಬಡ ಕಂಪನಿಯಾ?

ಹಳೇಫೋಟೋ_ಹುಚ್ಚ
ರಿಯರ್ಡನ್ ಸ್ಮಿತ್ ಅನ್ನೋ ಕಾರ್ಡಿಫ್ ಮಾಲೀಕನದ್ದು. ಅವನ ಕಂಪನಿಯ ಮೊದಲ ಹಡಗೇ ಇದು. ಆಮೇಲೆ ಆ ಕಂಪನಿ ದೊಡ್ಡದಾಗಿ ಬೆಳೀತು. ಆದರೆ ಇಲ್ಲಿ ಉಳಿಸೋಕೆ ಏನಿತ್ತು? ಬಂಡೆಗಳ ಮಧ್ಯೆ, ತೆರೆದ ಸಮುದ್ರಕ್ಕೆ ಮೈಯೊಡ್ಡಿ ನಿಂತಿರೋ ಹಡಗು. ಅಂಥ ಜಾಗದಲ್ಲಿ ಮುಂದಿನ ಬಿರುಗಾಳಿ ತನಕ ಅಷ್ಟೇ ಆಯಸ್ಸು.

ಕಾಲೇಜ್_ಪೋರ
ನಮೀಬಿಯಾದಲ್ಲಿ ಮರುಭೂಮಿ ಮಧ್ಯೆ ಒಂದು ಹಡಗಿದೆ, ‘ಸಮುದ್ರ ಒಣಗಿದ ಜಾಗ’ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜಾನಾ?

ಇಂಜಿನ್‌ರೂಮ್_ಅಣ್ಣ
ಹಡಗು ನಿಜ, ಸಮುದ್ರ ಒಣಗಿದ್ದು ಸುಳ್ಳು. ಅದು ‘ಎಡ್ವರ್ಡ್ ಬೋಲೆನ್’, ಜರ್ಮನ್ ಸರಕು ಹಡಗು. 1909ರ ಸೆಪ್ಟೆಂಬರ್‌ನಲ್ಲಿ ದಟ್ಟ ಮಂಜಿನಲ್ಲಿ ದಡಕ್ಕೆ ಕೂತಿತು. ಆ ಕರಾವಳಿಯಲ್ಲಿ ತಣ್ಣನೆ ಪ್ರವಾಹ ಹರಿಯುತ್ತೆ, ಮಂಜು ಜಾಸ್ತಿ. ಗಾಳಿ ಮತ್ತು ಅಲೆ ಮರಳು ತಂದು ಸುರೀತಾ ಹೋಗಿ ದಡವೇ ಮುಂದಕ್ಕೆ ಸರಿಯಿತು. ಈಗ ಹಡಗು ನೀರಿಂದ ನೂರಾರು ಮೀಟರ್ ಒಳಗಿದೆ.

ಮಲ್ಪೆ_ಮಂಜಿ
ಇಲ್ಲಿ ಉಲ್ಟಾ. ನಮ್ಮ ಮನೆಗಳನ್ನೇ ಕಡಲು ತಿಂತಾ ಬರ್ತಾ ಇದೆ. ಪ್ರತಿ ಮಳೆಗಾಲಕ್ಕೂ ಕಲ್ಲು ಸುರೀತಾರೆ, ಕಲ್ಲನ್ನೂ ತಿಂತದೆ.

ರಾಜಾಜಿನಗರ_ಬಸ್ಯಾ
ವಿಷಯ ಎಲ್ಲಿಂದ ಎಲ್ಲಿಗೋ ಹೋಯ್ತು. ಆ ಗಿಬ್ಸನ್ ಫೋಟೋಗಳು ಈಗ ಯಾರ ಹತ್ತಿರ ಇವೆ?

ಹಳೇಫೋಟೋ_ಹುಚ್ಚ
ಮನೆತನದವರು 2013ರಲ್ಲಿ ಹರಾಜಿಗೆ ಬಿಟ್ಟರು. ಸಾವಿರಕ್ಕೂ ಹೆಚ್ಚು ಗಾಜಿನ, ಫಿಲ್ಮಿನ ನೆಗೆಟಿವ್‌ಗಳು. ಗ್ರೀನಿಚ್‌ನ ಮ್ಯೂಸಿಯಂ 1,22,500 ಪೌಂಡ್ ಕೊಟ್ಟು ತಗೊಂಡಿತು. ಆಗಿನ ರೇಟಿನಲ್ಲಿ ನಮ್ಮ ಒಂದು ಕೋಟಿ ದಾಟುತ್ತೆ.

ರಾಜಾಜಿನಗರ_ಬಸ್ಯಾ
ನೋಡಿದ್ರಾ! ಹಡಗು ನೀರುಪಾಲು, ಫೋಟೋಗೆ ಕೋಟಿ.

ಸ್ಟುಡಿಯೋ_ಶೆಟ್ರು
ನಾಲ್ಕು ತಲೆಮಾರು ಗಾಜು ಒಡೀದಂಗೆ ಕಾಪಾಡಿದ್ದಕ್ಕೆ ಕೋಟಿ, ಸ್ವಾಮಿ. ನಮ್ಮ ಅಪ್ಪನ ಕಾಲದ ನೆಗೆಟಿವ್‌ಗಳು ಗೆದ್ದಲು, ಫಂಗಸ್ ಹಿಡಿದು ಹೋದವು. ಅದಕ್ಕೆ ಯಾರು ಎಷ್ಟು ಕೊಡ್ತಾರೆ?

ಗದಗ_ಗಾಳಿ
ಅದೆಲ್ಲ ಇರ್ಲಿ. ದನ ಈಜೋ ಫೋಟೋ ಯಾರರ ಹಾಕ್ತೀರೋ ಇಲ್ಲೋ?

ಹಳೇಫೋಟೋ_ಹುಚ್ಚ
ಹುಡುಕ್ತಿದ್ದೀನಿ ಮಾರಾಯ್ರೆ. ಮಿನ್ನೆಹಾಹಾದ್ದು ಹಡಗಿನ ಫೋಟೋ ಇದೆ, ದನದ್ದು ಸಿಕ್ಕರೆ ಬೇರೆ ಚರ್ಚೆ ಶುರು ಮಾಡ್ತೀನಿ. ಬಸ್ಯಾ ಅವರೇ, ಅಲ್ಲಿಗೂ ಬಂದು ಜಗಳ ಮಾಡಿ.